ರಕ್ತದಲ್ಲಿ ಬಲವನ್ನರಸಿದವರು

ದಿಲ್ಲಿಯಿಂದ ಮೂಡಣಕ್ಕೆ ಹೊರಟು ಯಮುನೆಯನ್ನು ದಾಟಿದ ಪಥಿಕನಿಗೆ ಎರಡನೆಯದಾಗಿ ಎದುರಾಗುವ ನದಿ ಹಿಂಡನ್. ಅದರ ಸಮೀಪದಲ್ಲಿ 1740ರಲ್ಲಿ ಮೊಗಲರ ವಜೀರನಾಗಿದ್ದ ಘಾಜಿಉದ್ದೀನನು ದೊಡ್ಡದೊಂದು ಸರಾಯಿಯನ್ನೂ, ಅದನ್ನು ಸುತ್ತಿ ನಾಲ್ಕು ಹೆಬ್ಬಾಗಿಲುಗಳ ಪಟ್ಟಣವೊಂದನ್ನೂ ಕಟ್ಟಿಸಿದನು. ರೈಲುಮಾರ್ಗ ಬಂದಮೇಲೆ ಆ ಪಟ್ಟಣ ಘಾಜಿಯಾಬಾದ್ ಎಂಬ ಹೆಸರಿನಿಂದ ರೂಢಿಗೆ ಬಂದಿತು. ಇಂದು ಅಲ್ಲಿ ಕಾರ್ಖಾನೆಗಳೂ ಮುಗಿಲೆತ್ತರದ ವಸತಿಗಳೂ ತುಂಬಿ, ದಿಲ್ಲಿಯ ಕಚೇರಿಗಳಲ್ಲಿ ದುಡಿಯುವ ಕನ್ನಡ ಕುಟುಂಬಗಳೂ ನೆಲೆಸಿರುವುದರಿಂದ ಅದು ನಮಗೆ ತೀರ ಅಪರಿಚಿತವಾದ ಊರೇನೂ ಅಲ್ಲ. ಕ್ರೀಡಾಪಟುವಿನ ಸಾಮರ್ಥ್ಯವು ಹುಟ್ಟಿನಿಂದ ಬಂದುದೋ ಸಾಧನೆಯಿಂದ ಬಂದುದೋ ಎಂಬ ಚರ್ಚೆಯನ್ನು ಈ ಊರಿನಿಂದ ಆರಂಭಿಸುವುದು ಓದುಗರಿಗೆ ಮೊದಲು ವಿಚಿತ್ರವಾಗಿ ಕಾಣಬಹುದು. ಆದರೆ ಒಂದು ಜನಸಮುದಾಯದ ಮೈಯೊಳಗೆ ಬಲವು ವಂಶಪಾರಂಪರ್ಯವಾಗಿ ಅಡಗಿರುತ್ತದೆ, ಅಧಿಕಾರದಲ್ಲಿರುವವರು ಅದನ್ನು ಹುಡುಕಿ ತೆಗೆದುಕೊಂಡರೆ ಸಾಕು ಎಂಬ ಭಾವನೆಯು ಈ ದೇಶದ ಆಡಳಿತದಲ್ಲಿ ಬೇರೂರಿದ ಕಥೆಗೆ ಹಿಂಡನ್ ತೀರದ ಒಂದು ಕದನವು ಪೂರ್ವಪೀಠಿಕೆಯಂತಿದೆ.

1857ನೆಯ ಇಸವಿಯ ಮೇ ತಿಂಗಳ 30 ಮತ್ತು 31ನೆಯ ದಿನಗಳಲ್ಲಿ, ಮೀರಠದಿಂದ ಆರ್ಚ್‌ಡೇಲ್ ವಿಲ್ಸನ್ನನ ನೇತೃತ್ವದಲ್ಲಿ ದಿಲ್ಲಿಯ ಕಡೆಗೆ ನಡೆದುಬರುತ್ತಿದ್ದ ಆಂಗ್ಲರ ಪಡೆಗೂ, ಅದನ್ನು ತಡೆಯಬೇಕೆಂದು ದಿಲ್ಲಿಯಿಂದ ಹೊರಟುಬಂದ ಸಿಪಾಯಿಗಳಿಗೂ ಹಿಂಡನ್ ಸೇತುವೆಯ ಬಳಿ ಹೋರಾಟ ನಡೆಯಿತು. ಆಂಗ್ಲರ ಕಡೆಯಲ್ಲಿ ಕೆಲವರು ಗುಂಡಿನಿಂದ ಮಡಿದರೆ ಕೆಲವರು ಕೇವಲ ಬಿಸಿಲಿನ ಝಳದಿಂದಲೇ ಮಡಿದರು. ಸಿಪಾಯಿಗಳು ಎರಡು ದಿನವೂ ಹಿಮ್ಮೆಟ್ಟಬೇಕಾಯಿತು; ಆದರೂ ಅವರು ಫಿರಂಗಿಗಳ ಬಳಿ ನಿಂತು ಕಾದಿದ ರೀತಿಯನ್ನು ಎದುರಾಳಿಗಳೂ ಕಡೆಗಣಿಸಲಾಗಲಿಲ್ಲ.

ಆ ಸಿಪಾಯಿಗಳಾದರೂ ಯಾರು? 1857ರ ಸಿಪಾಯಿ ದಂಗೆಗೆ ಮೊದಲು ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ಸೇನೆಯು ಅವಧ ಹಾಗೂ ಬಿಹಾರಗಳ ಉನ್ನತ ಜಾತಿಯ ರೈತರನ್ನು ಅವರ ಎತ್ತರವನ್ನೂ ಮೈಕಟ್ಟನ್ನೂ ಮೆಚ್ಚಿ ಆರಿಸಿಕೊಳ್ಳುತ್ತಿದ್ದಿತು. ಅಂಥ ಭವ್ಯವಾದ ಕಾಲಾಳುಗಳು ಬೇರೆಲ್ಲಿಯೂ ದೊರೆಯರೆಂಬುದು ಕಂಪನಿಯ ಅಧಿಕಾರಿಗಳ ಹೆಮ್ಮೆಯಾಗಿದ್ದಿತು. ದಂಗೆ ಅಡಗಿದ ಮೇಲೆ ಆ ಪ್ರಾಂತಗಳವರ ಸಂಖ್ಯೆ ಸೇನೆಯಲ್ಲಿ ಕ್ರಮೇಣ ಕುಗ್ಗಿತು. ಪಂಜಾಬಿನ ಸಿಖ್ಖರೂ, ನೇಪಾಳದ ಗೂರ್ಖರೂ, ವಾಯವ್ಯ ಗಡಿಯ ಪಠಾಣರೂ ಹುಟ್ಟುಯೋಧರೆಂಬ ಕೀರ್ತಿಗೆ ಪಾತ್ರರಾದರು. 1885ರಿಂದ 1893ರವರೆಗೆ ಭಾರತದ ದಂಡನಾಯಕನಾಗಿದ್ದ ಫ್ರೆಡರಿಕ್ ರಾಬರ್ಟ್ಸ್ ಈ ಭಾವನೆಯನ್ನು ಸಿದ್ಧಾಂತದ ಮಟ್ಟಕ್ಕೇರಿಸಿ, ದಕ್ಷಿಣದವರು ಯುದ್ಧಕ್ಕೆ ತಕ್ಕವರಲ್ಲವೆಂದು ಬಗೆದು, ಮದರಾಸಿನ ದಳಗಳನ್ನು ಕುಗ್ಗಿಸುವ ನೀತಿಗೆ ಬೆಂಬಲವಾಗಿ ನಿಂತನು. ಒಂದೇ ತಲೆಮಾರಿನ ಅವಧಿಯಲ್ಲಿ ಯಾವ ಜನರ ಎಲುಬೂ ಸ್ನಾಯುವೂ ಬದಲಾಗಲಾರವು. ಅವಧದ ರೈತನ ಮೈ 1856ರಲ್ಲಿ ಹೇಗಿದ್ದಿತೋ 1886ರಲ್ಲಿಯೂ ಹಾಗೆಯೇ ಇದ್ದಿತು. ಬದಲಾದುದು ಸರಕಾರಕ್ಕೆ ಅವನಲ್ಲಿದ್ದ ನಂಬಿಕೆ. ನಂಬಿಕೆಯ ಲೆಕ್ಕವನ್ನು ರಕ್ತದ ಲೆಕ್ಕವೆಂಬಂತೆ ಬರೆದಿಟ್ಟ ಈ ಅಭ್ಯಾಸವು ಸೇನೆಯಲ್ಲಿಯೇ ನಿಲ್ಲದೆ, ಸ್ವಾತಂತ್ರ್ಯಾನಂತರವೂ ಬೇರೊಂದು ವೇಷದಲ್ಲಿ, ಬೇರೊಂದು ಸದುದ್ದೇಶದಿಂದ, ನಮ್ಮ ಉತ್ತರ ಕನ್ನಡದ ಅರಣ್ಯವನ್ನು ಪ್ರವೇಶಿಸಿದುದನ್ನು ಮುಂದೆ ಹೇಳುವೆನು.

ಅದಕ್ಕೆ ಮೊದಲು, ಸ್ನಾಯುವನ್ನು ಜಾತಿಯ ಹೆಸರಿನಿಂದಲ್ಲದೆ ಅದರ ಕಾರ್ಯದಿಂದಲೇ ಅರಿಯಲೆಳಸಿದ ಒಬ್ಬ ಮಹನೀಯರನ್ನು ನೆನೆಯಬೇಕು. ಆರ್ಚಿಬಾಲ್ಡ್ ವಿವಿಯನ್ ಹಿಲ್ ಎಂಬ ಆಂಗ್ಲ ವಿಜ್ಞಾನಿ, ಕಪ್ಪೆಯ ಕಾಲಿನ ಸ್ನಾಯು ಸಂಕುಚಿಸುವಾಗ ಹುಟ್ಟುವ ಅತ್ಯಲ್ಪ ಉಷ್ಣವನ್ನು ಅಳೆದು, 1922ನೆಯ ವರ್ಷದ ನೊಬೆಲ್ ಬಹುಮಾನವನ್ನು ಆಟೋ ಮೈಯರ್‌ಹಾಫನೊಡನೆ ಹಂಚಿಕೊಂಡವರು. ಸ್ವತಃ ಓಟಗಾರರಾಗಿದ್ದ ಅವರು, ಓಡುವ ಮನುಷ್ಯನು ಎಷ್ಟು ಆಮ್ಲಜನಕವನ್ನು ಹೀರಿಕೊಳ್ಳಬಲ್ಲನು, ಆ ಮಿತಿಯನ್ನು ಮೀರಿದಾಗ ಸ್ನಾಯುವು ಯಾವ ಸಾಲದ ಮೇಲೆ ಕೆಲಸ ನಡೆಸುತ್ತದೆ ಎಂಬುದನ್ನು ಮೊದಲಬಾರಿಗೆ ಅಂಕೆಗಳಲ್ಲಿ ತೋರಿಸಿದರು. ಇವರು 1943ರ ಕೊನೆಯಲ್ಲಿ ಸರಕಾರದ ಆಹ್ವಾನದ ಮೇರೆಗೆ ದಿಲ್ಲಿಗೆ ಬಂದು, ಕೆಲವು ತಿಂಗಳ ಕಾಲ ದೇಶದ ವಿಜ್ಞಾನಸಂಸ್ಥೆಗಳನ್ನು ಸಂದರ್ಶಿಸಿ, ಸಂಶೋಧನೆಯ ವ್ಯವಸ್ಥೆಯ ಬಗೆಗೆ ವರದಿಯೊಂದನ್ನು ಸಲ್ಲಿಸಿದರು; ಅಖಿಲ ಭಾರತ ಮಟ್ಟದ ವೈದ್ಯಕೀಯ ಕೇಂದ್ರವೊಂದು ಬೇಕೆಂಬ ಅವರ ಸಲಹೆಯು 1956ರಲ್ಲಿ ದಿಲ್ಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯ ರೂಪದಲ್ಲಿ ಫಲಿಸಿತು. ಅವರು ಬಂದ ಕಾಲವು ಬಂಗಾಳದ ಕ್ಷಾಮದ ಕಾಲ. ಭಾರತದ ಸಮಸ್ಯೆಗಳಲ್ಲಿ ಜನಸಂಖ್ಯೆ, ಆರೋಗ್ಯ, ಆಹಾರ, ಪ್ರಕೃತಿಸಂಪತ್ತು ಇವು ನಾಲ್ಕೂ ಒಂದಕ್ಕೊಂದು ಹೆಣೆದುಕೊಂಡಿವೆಯೆಂದು ಸ್ನಾಯುವಿಜ್ಞಾನದ ಈ ಆಚಾರ್ಯರು ಕಂಡುಕೊಂಡುದು ನನಗೆ ಅತ್ಯಂತ ಅರ್ಥಪೂರ್ಣವಾಗಿ ತೋರುತ್ತದೆ.

ಹಿಲ್ ಅವರ ಮಾರ್ಗದಲ್ಲಿಯೇ ವಿಜ್ಞಾನವು ಮುಂದುವರಿಯಿತು. 1962ರಲ್ಲಿ ಸ್ವೀಡನ್ನಿನ ಯೋನಾಸ್ ಬರ್ಗ್‌ಸ್ಟ್ರೋಮ್ ಎಂಬ ವೈದ್ಯರು ಜೀವಂತ ಮನುಷ್ಯನ ತೊಡೆಯಿಂದ ಸೂಜಿಯ ಮೂಲಕ ಸ್ನಾಯುವಿನ ಚೂರನ್ನು ತೆಗೆಯುವ ವಿಧಾನವನ್ನು ಬಳಕೆಗೆ ತಂದಮೇಲೆ, ಓಟಗಾರನ ಸ್ನಾಯುವನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು ಸಾಧ್ಯವಾಯಿತು. ಸ್ನಾಯುವಿನ ತಂತುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮಂದಗತಿಯವು ಆಮ್ಲಜನಕವನ್ನು ಬಳಸಿ, ಹೊಲದ ಎತ್ತಿನಂತೆ, ಬಹುಕಾಲ ದಣಿಯದೆ ಎಳೆಯಬಲ್ಲವು. ಶೀಘ್ರಗತಿಯವು ಕ್ಷಣಮಾತ್ರದಲ್ಲಿ ಅಪಾರವಾದ ಬಲವನ್ನು ಹೊರಸೂಸಿ ಅಷ್ಟೇ ಬೇಗನೆ ದಣಿಯುತ್ತವೆ. ಸಾಮಾನ್ಯ ಮನುಷ್ಯನ ತೊಡೆಯಲ್ಲಿ ಇವೆರಡೂ ಹೆಚ್ಚುಕಡಮೆ ಸಮವಾಗಿರುತ್ತವೆ. ದೂರದ ಓಟದಲ್ಲಿ ಹೆಸರಾದವರಲ್ಲಿ ಮಂದಗತಿಯವು, ನೂರು ಮೀಟರಿನವರಲ್ಲಿ ಶೀಘ್ರಗತಿಯವು ಪ್ರಧಾನವಾಗಿರುತ್ತವೆ. ಈ ಪ್ರಮಾಣಭೇದದಲ್ಲಿ ಸರಿಸುಮಾರು ಅರ್ಧದಷ್ಟು ಅನುವಂಶೀಯವೆಂದೂ, ಉಳಿದುದು ಜೀವನಕ್ರಮ ಮತ್ತು ಅಭ್ಯಾಸಗಳಿಂದ ಬಂದುದೆಂದೂ ತಜ್ಞರ ಅಂದಾಜು. ಆದುದರಿಂದ ಹುಟ್ಟು ಏನೂ ಅಲ್ಲವೆನ್ನುವವರ ಮಾತು ನಿಲ್ಲುವುದಿಲ್ಲ. ಆದರೆ ಹುಟ್ಟು ಎಂದಾಗ ನಾವು ಹೇಳುವುದು ಒಬ್ಬ ವ್ಯಕ್ತಿಯ ಹುಟ್ಟನ್ನೋ, ಒಂದು ಜನಾಂಗದ ಹುಟ್ಟನ್ನೋ? ಉತ್ತರ ಕನ್ನಡದ ಅರಣ್ಯವಾಸಿಗಳಾದ ಸಿದ್ದಿಗಳ ಇತಿಹಾಸದಲ್ಲಿ ಈ ಪ್ರಶ್ನೆಯೇ ಕೇಂದ್ರವಾದುದು.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆ, ಶಿರಸಿಗಳ ಕಾಡಿನ ನಡುವೆ ಚಿಕ್ಕ ಚಿಕ್ಕ ಊರುಗಳಲ್ಲಿ ಹರಡಿಕೊಂಡಿರುವ ಸಿದ್ದಿಗಳು ಆಫ್ರಿಕದಿಂದ ಬಂದವರ ಸಂತತಿ. ಪೋರ್ತುಗೀಜರು ಗೋವೆಗೆ ಗುಲಾಮರನ್ನಾಗಿ ತಂದವರಲ್ಲಿ ಅನೇಕರು ಬಿಡುಗಡೆ ಹೊಂದಿಯೋ, ತಪ್ಪಿಸಿಕೊಂಡೋ ಘಟ್ಟದ ಅರಣ್ಯವನ್ನು ಸೇರಿ, ಹಿಂದೂ, ಕ್ರೈಸ್ತ, ಮುಸಲ್ಮಾನರೆಂಬ ಮೂರು ಮತಗಳಲ್ಲಿ ಹಂಚಿಕೊಂಡರೂ ಒಂದೇ ಬಳಗದವರೆಂಬ ಭಾವವನ್ನು ಬಿಡದೆ ಬಾಳಿದರು. ಹಬಶಿಗಳೆಂದು ಕರೆಯಲಾದ ಆಫ್ರಿಕದ ಮೂಲದವರು ಭಾರತದಲ್ಲಿ ಯಾವಾಗಲೂ ದೀನರಾಗಿಯೇ ಇದ್ದವರಲ್ಲ. ಅಹಮದನಗರದ ರಾಜ್ಯವನ್ನು ಮೊಗಲರ ಎದುರಿಗೆ ಎತ್ತಿಹಿಡಿದು 1626ರಲ್ಲಿ ಕಾಲವಶನಾದ ಮಲಿಕ್ ಅಂಬರನೂ, ನಮ್ಮ ಬಿಜಾಪುರದಲ್ಲಿಯೇ ಮುಹಮ್ಮದ್ ಆದಿಲಶಹನ ಮಂತ್ರಿಯಾಗಿ ಮೆರೆದ ಇಖ್ಲಾಸ್ ಖಾನನೂ ಆಫ್ರಿಕದ ಮೂಲದವರೇ. ಆದರೆ ಘಟ್ಟದ ಸಿದ್ದಿಗಳ ಪಾಲಿಗೆ ಬಂದುದು ಅಡಕೆಯ ತೋಟಗಳಲ್ಲಿ ಕೂಲಿ, ಕಾಡಿನ ಉತ್ಪನ್ನ, ಅತ್ಯಲ್ಪವಾದ ಜಮೀನು, ಮತ್ತು ಬಹುಕಾಲದ ಸಾಲ. ಸುಗ್ಗಿಯ ಸಂತೋಷದಲ್ಲಿ ಅವರು ದಮಾಮಿಯೆಂಬ ವಾದ್ಯವನ್ನು ಬಾರಿಸಿ ಕುಣಿಯುವುದನ್ನು ಕಂಡವರು, ಆ ಬಡತನದ ನಡುವೆಯೂ ಅವರ ಸಂಸ್ಕೃತಿ ಬತ್ತದೆ ಉಳಿದುದಕ್ಕೆ ತಲೆಬಾಗಿಯೇ ತೀರುವರು.

1982ರ ಏಷ್ಯನ್ ಕ್ರೀಡೆಗಳು ದಿಲ್ಲಿಯಲ್ಲಿ ನಡೆದ ತರುವಾಯ, 1984ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಸ್ಥಾಪಿತವಾಯಿತು. ಅದೇ ವರ್ಷ ಲಾಸ್ ಏಂಜಲಿಸಿನಲ್ಲಿ ಪಿ. ಟಿ. ಉಷಾ ಒಂದು ಸೆಕೆಂಡಿನ ನೂರನೆಯ ಒಂದು ಪಾಲಿನಿಂದ ಕಂಚಿನ ಪದಕವನ್ನು ಕಳೆದುಕೊಂಡರು. ಅದೇ ಅಂಗಳದಲ್ಲಿ ಅಮೆರಿಕದ ಕಾರ್ಲ್ ಲೂಯಿಸ್ ನಾಲ್ಕು ಚಿನ್ನಗಳನ್ನು ಗೆದ್ದರು. 1986ರ ಸೋಲ್ ಏಷ್ಯನ್ ಕ್ರೀಡೆಗಳಲ್ಲಿ ಇಡೀ ಭಾರತಕ್ಕೆ ದೊರೆತ ಐದು ಚಿನ್ನದ ಪದಕಗಳಲ್ಲಿ ನಾಲ್ಕರಲ್ಲಿ ಉಷಾ ಅವರ ಪಾಲಿದ್ದಿತು. ಇಷ್ಟು ವಿಸ್ತಾರವಾದ ದೇಶಕ್ಕೆ ಇಷ್ಟು ಅಲ್ಪವಾದ ಫಲವೇ ಎಂಬ ವ್ಯಥೆಯಿಂದ, ಆಗ ಕ್ರೀಡಾಖಾತೆಯ ಸಚಿವೆಯಾಗಿದ್ದ ಮಾರ್ಗರೇಟ್ ಆಳ್ವ ಅವರ ಕಾಲದಲ್ಲಿ, ವಿಶೇಷ ಪ್ರದೇಶಗಳ ಕ್ರೀಡಾಯೋಜನೆಯು ರೂಪುಗೊಂಡಿತು. ಬೆಟ್ಟ, ಕಾಡು, ಕಡಲಂಚುಗಳಲ್ಲಿ ವಾಸಿಸುವ ಜನರಲ್ಲಿ ಸಹಜವಾದ ಕ್ರೀಡಾಶಕ್ತಿ ಇರುವುದೆಂದೂ, ಎಳೆಯರನ್ನು ಆರಿಸಿ ತಂದು ಅನ್ನ, ವಿದ್ಯೆ, ಶಿಕ್ಷಣಗಳನ್ನು ಕೊಟ್ಟರೆ ಅದು ಬೆಳಗುವುದೆಂದೂ ಅದರ ನಂಬಿಕೆ. ರಾಜಸ್ಥಾನದ ಆದಿವಾಸಿ ಹಳ್ಳಿಯಿಂದ ಬಂದು 1992ರಲ್ಲಿ ಬಿಲ್ಲುಗಾರಿಕೆಯ ವಿಶ್ವದಾಖಲೆಯನ್ನು ಸರಿಗಟ್ಟಿದ ಲಿಂಬಾ ರಾಮ್, ಮಣಿಪುರದಿಂದ ಬಂದು 1998ರ ಬ್ಯಾಂಕಾಕ್ ಏಷ್ಯನ್ ಕ್ರೀಡೆಗಳಲ್ಲಿ ಮುಷ್ಟಿಯುದ್ಧದ ಚಿನ್ನವನ್ನು ಗೆದ್ದ ಡಿಂಕೋ ಸಿಂಗ್ ಈ ಯೋಜನೆಯ ಕಣ್ಣಿಗೆ ಬಿದ್ದವರೇ. ಯೋಜನೆಯನ್ನು ಹಳಿಯುವುದಕ್ಕೆ ಮೊದಲು ಈ ಹೆಸರುಗಳನ್ನು ನೆನೆಯುವುದು ನ್ಯಾಯ.

ಸಿದ್ದಿಗಳ ವಿಷಯದಲ್ಲಿ ಮಾತ್ರ, 1987ರಲ್ಲಿ ಆಯ್ಕೆ ಆರಂಭವಾದಾಗ, ನಂಬಿಕೆಯು ಬೆಟ್ಟದ ಗಾಳಿ, ಕಾಡಿನ ನಡಿಗೆಗಳ ಮೇಲೆ ನಿಲ್ಲದೆ ನೇರವಾಗಿ ರಕ್ತದ ಮೇಲೆಯೇ ನಿಂತಿತು. ಆಫ್ರಿಕದ ಮೂಲದವರು ಜಗತ್ತಿನ ಓಟದ ಅಂಗಳಗಳನ್ನು ಆಳುತ್ತಿರುವಾಗ, ಆಫ್ರಿಕದ ಮೂಲದವರೇ ಆದ ಸಿದ್ದಿಗಳು ಭಾರತಕ್ಕೆ ಪದಕಗಳನ್ನು ತರದೆ ಇರುವರೆ ಎಂಬ ತರ್ಕವದು. ಕಾಡಿನ ಶಾಲೆಗಳಿಂದ ಮಕ್ಕಳನ್ನು ಆರಿಸಿ ಬೆಂಗಳೂರು ಮೊದಲಾದ ಕಡೆಗಳ ಕ್ರೀಡಾವಸತಿಗಳಿಗೆ ಕರೆದೊಯ್ದರು. ಗುಜರಾತಿನ ಗೀರ್ ಪ್ರದೇಶದ ಸಿದ್ದಿ ಬಾಲಕರೂ ಅವರೊಡನೆ ಸೇರಿದರು. ಹೊಟ್ಟೆತುಂಬ ಊಟ, ಬೂಟು, ಶಾಲೆ, ಗುರುಗಳು, ಇವೆಲ್ಲ ಆ ಮಕ್ಕಳಲ್ಲಿ ಅನೇಕರಿಗೆ ಮೊದಲಬಾರಿಗೆ ದೊರೆತವು. ಕಮಲಾ ಮಿಂಗೇಲ್ ಸಿದ್ದಿ, ಜೂಜೆ ಜಾಕಿ ಹರ್ನೋಡ್ಕರ್ ಮೊದಲಾದವರು ದೇಶದ ಮಟ್ಟದ ಕ್ರೀಡಾಕೂಟಗಳಲ್ಲಿ ಹೆಸರು ಪಡೆದರು. ಆದರೆ 1993ರಲ್ಲಿ ಸಿದ್ದಿಗಳ ಭಾಗವನ್ನು ನಿಲ್ಲಿಸಲಾಯಿತು. ಕೆಲವರಿಗೆ ಕ್ರೀಡೆಯ ಮೂಲಕ ಸರಕಾರಿ ನೌಕರಿ ದೊರಕಿತು. ಇನ್ನುಳಿದವರು, ನಗರದ ಶಿಕ್ಷಣವೂ ಪೂರ್ತಿಯಾಗದೆ, ಓಟವೂ ಪೂರ್ತಿಯಾಗದೆ, ಮರಳಿ ತೋಟದ ಕೂಲಿಗೆ ಇಳಿದರು. ಓಟಗಾರನೊಬ್ಬನು ಪಕ್ವವಾಗಬೇಕಾದರೆ ಹತ್ತು ಹನ್ನೆರಡು ವರ್ಷಗಳ ಏಕಾಗ್ರವಾದ ಪೋಷಣೆ ಬೇಕು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಕರೆತಂದ ಮಕ್ಕಳು ಯೌವನದ ತುದಿಯನ್ನು ಮುಟ್ಟುವ ಹೊತ್ತಿಗೆ ಯೋಜನೆಯೇ ಇಲ್ಲವಾದುದು, ನನ್ನ ಅಭಿಪ್ರಾಯದಲ್ಲಿ, ಅದರ ತಳಹದಿಯಲ್ಲಿದ್ದ ನಂಬಿಕೆಯ ಸಹಜವಾದ ಪರಿಣಾಮ. ರಕ್ತವೇ ಕೆಲಸಮಾಡುವುದೆಂದು ನಂಬಿದವರಿಗೆ ಕಾಯುವ ತಾಳ್ಮೆ ಇರುವುದಿಲ್ಲ. ಆರು ವರ್ಷಗಳಲ್ಲಿ ಪದಕ ಬರದಿದ್ದರೆ ರಕ್ತವೇ ಸೋತಿತೆಂದು ಅವರು ತಿಳಿಯುವರು.

ಆ ನಂಬಿಕೆಗೆ ಆಗ ಯಾವ ಪ್ರಯೋಗಾಲಯದ ಆಧಾರವೂ ಇರಲಿಲ್ಲ. ಸ್ನಾಯುವಿನ ಅನುವಂಶಿಕತೆಯಲ್ಲಿ ಅತ್ಯಂತ ಹೆಸರಾದ ವಿಷಯವು ಬೆಳಕಿಗೆ ಬಂದುದು ಸಿದ್ದಿ ಮಕ್ಕಳು ಮನೆಗೆ ಮರಳಿದ ಬಳಿಕ. ಶೀಘ್ರಗತಿಯ ತಂತುಗಳಲ್ಲಿ ಮಾತ್ರ ಇರುವ ಆಲ್ಫಾ-ಆಕ್ಟಿನಿನ್-3 ಎಂಬ ಪ್ರೋಟೀನು ಅನೇಕ ಆರೋಗ್ಯವಂತರಲ್ಲಿ ಸಂಪೂರ್ಣವಾಗಿ ಇಲ್ಲವೆಂಬುದನ್ನು 1999ರಲ್ಲಿ ಆಸ್ಟ್ರೇಲಿಯದ ಕ್ಯಾಥ್ರಿನ್ ನಾರ್ಥ್ ಮತ್ತು ಅವರ ಸಂಗಡಿಗರು ತೋರಿಸಿದರು. ಅದನ್ನು ರಚಿಸುವ ವಂಶವಾಹಿಯ ಎರಡು ಪ್ರತಿಗಳೂ ಕೆಟ್ಟವರಿಗೆ ಅದು ಇರುವುದಿಲ್ಲ. ಯುರೋಪಿನ ಮೂಲದವರಲ್ಲಿ ನೂರಕ್ಕೆ ಸುಮಾರು 18 ಮಂದಿ ಇಂಥವರು, ಆಫ್ರಿಕದ ಬಾಂಟು ಜನರಲ್ಲಿ ನೂರಕ್ಕೆ ಒಬ್ಬರೂ ಕಷ್ಟ. 2003ರಲ್ಲಿ ಆಸ್ಟ್ರೇಲಿಯದ ಶ್ರೇಷ್ಠ ವೇಗದ ಓಟಗಾರರನ್ನು ಪರೀಕ್ಷಿಸಿದಾಗ ಈ ಪ್ರೋಟೀನು ಇಲ್ಲದವರು ಅವರಲ್ಲಿ ಅತಿ ವಿರಳವಾಗಿದ್ದರು. ಇಷ್ಟನ್ನೇ ಕೇಳಿದವರು, ಹಾಗಾದರೆ 1987ರ ಯೋಜನೆಯೇ ಸರಿಯೆಂದು ಹೇಳಿಯಾರು. ಆದರೆ ಅನಂತರ ಜಮೈಕದಲ್ಲಿ ಇದೇ ಪರೀಕ್ಷೆ ನಡೆದಾಗ, ಒಲಿಂಪಿಕ್ ಓಟಗಾರರಲ್ಲಿಯೂ ಎಂದೂ ಓಡದ ಸಾಮಾನ್ಯ ಜನರಲ್ಲಿಯೂ ಆ ವಂಶವಾಹಿಯ ಪ್ರಮಾಣವು ಹೆಚ್ಚುಕಡಮೆ ಒಂದೇ ಆಗಿದ್ದಿತು. ಊರಿನವರೆಲ್ಲರಿಗೂ ಇರುವ ಲಕ್ಷಣವು ಊರಿನಲ್ಲಿ ಒಬ್ಬನು ಏಕೆ ಗೆದ್ದನು, ಮಿಕ್ಕವರು ಏಕೆ ಓಡಲಿಲ್ಲ ಎಂಬುದನ್ನು ಹೇಳಲಾರದು. ಜಮೈಕದಲ್ಲಿ ಪ್ರೌಢಶಾಲೆಗಳ ನಡುವಿನ ವಾರ್ಷಿಕ ಓಟದ ಸ್ಪರ್ಧೆಯು 1910ರಿಂದ ನಡೆದುಬಂದಿದೆ. ಸಹಸ್ರಾರು ಮಕ್ಕಳು ಪ್ರತಿವರ್ಷವೂ ಅಲ್ಲಿ ಓಡುತ್ತಾರೆ, ಊರೂರಿಗೆ ಗುರುಗಳಿದ್ದಾರೆ. ಯಲ್ಲಾಪುರದ ಕಾಡಿನಲ್ಲಿ ಅಂಥದು ಏನಿದ್ದಿತು?

ಆಫ್ರಿಕವೆಂಬ ಒಂದೇ ರಕ್ತವೂ ಇಲ್ಲ. ಜಗತ್ತಿನ ಉಳಿದ ಭಾಗಗಳೆಲ್ಲವೂ ಸೇರಿದರೂ ದೊರೆಯದಷ್ಟು ಅನುವಂಶಿಕ ವೈವಿಧ್ಯವು ಆ ಒಂದು ಖಂಡದಲ್ಲಿ ಉಂಟು. ದೂರದ ಓಟದಲ್ಲಿ ಲೋಕವಿಖ್ಯಾತರಾದ ಕೀನ್ಯದ ಕಲೆಂಜಿನ್ ಜನರು ನೈಲ್ ಭಾಷಾವರ್ಗದವರು, ಎತ್ತರದ ನೆಲದವರು. ವೇಗದ ಓಟದ ಜಮೈಕದವರು ಬಹುಮಟ್ಟಿಗೆ ಪಶ್ಚಿಮ ಆಫ್ರಿಕದ ಮೂಲದವರು. ಸಿದ್ದಿಗಳಾದರೋ, ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ ತಿಳಿದುಬಂದಂತೆ, ಬಾಂಟು ಭಾಷಿಕರ ವಂಶದವರು; ಅವರಲ್ಲಿ ಆಫ್ರಿಕದ ಅಂಶದೊಡನೆ ಭಾರತೀಯ ಅಂಶವೂ, ಪ್ರಾಯಶಃ ಪೋರ್ತುಗೀಜ ಅಂಶವೂ ಸೇರಿದ್ದು, ಈ ಮಿಶ್ರಣವು ಸುಮಾರು ಎಂಟು ತಲೆಮಾರುಗಳ ಹಿಂದೆ, ಅಂದರೆ ಇನ್ನೂರು ವರ್ಷಗಳಷ್ಟು ಈಚೆಗೆ ಆದುದು. ಯಾರ ರಕ್ತದ ಮೇಲೆ ಭರವಸೆಯನ್ನಿಟ್ಟು ಮಕ್ಕಳನ್ನು ಆರಿಸಿದರೋ, ಆ ರಕ್ತದ ಚರಿತ್ರೆಯು ಆಯ್ಕೆಯಾದ 24 ವರ್ಷಗಳ ಮೇಲೆ ಗೊತ್ತಾಯಿತು. ಜನಾಂಗದ ಯೋಗ್ಯತೆಯನ್ನು ಸೇನಾಧಿಕಾರಿಯ ಊಹೆಯಿಂದ ನಿರ್ಣಯಿಸಿದ ಕಾಲಕ್ಕೂ ಅಣುಮಟ್ಟದ ಪ್ರಮಾಣದಿಂದ ಪರಿಶೀಲಿಸುವ ಕಾಲಕ್ಕೂ ನಡುವೆ ಆದ ಪ್ರಯಾಣವು ದೀರ್ಘವಾದುದು.

ಹುಟ್ಟಿನ ವರದಾನವು ನಿಜವಾಗಿಯೂ ಎಂಥದಿರುವುದೆಂಬುದಕ್ಕೆ ಫಿನ್ಲೆಂಡಿನ ಈರೊ ಮ್ಯಾಂಟಿರಾಂಟ ಎಂಬವರ ಜೀವನವನ್ನು ನೋಡಬೇಕು. ಹಿಮದ ಮೇಲೆ ಜಾರುವ ಸ್ಪರ್ಧೆಗಳಲ್ಲಿ 1960ರಿಂದ 1968ರವರೆಗಿನ ಮೂರು ಒಲಿಂಪಿಕ್‌ಗಳಲ್ಲಿ ಏಳು ಪದಕಗಳನ್ನು ಗೆದ್ದ ಇವರ ರಕ್ತದಲ್ಲಿ ಹಿಮೋಗ್ಲೋಬಿನ್ ಅಸಾಧಾರಣವಾಗಿ ಹೆಚ್ಚಾಗಿದ್ದಿತು. ಔಷಧದ ಮೋಸವೆಂದು ಬಹುಕಾಲ ಸಂಶಯಪಟ್ಟವರಿಗೆ 1993ರಲ್ಲಿ ಉತ್ತರ ದೊರೆಯಿತು: ಅವರ ಮನೆತನದಲ್ಲಿ ಹರಿದುಬಂದ ಒಂದು ವಂಶವಾಹಿಯ ಬದಲಾವಣೆಯಿಂದ ಆಮ್ಲಜನಕವನ್ನು ಹೊರುವ ಕಣಗಳು ಅತಿಯಾಗಿ ಹುಟ್ಟುತ್ತಿದ್ದುವು. ಈ ವರವು ಫಿನ್ಲೆಂಡಿನ ಜನರೆಲ್ಲರಿಗೂ ಬಂದುದಲ್ಲ, ಒಂದು ಕುಟುಂಬಕ್ಕೆ ಬಂದುದು. ಆ ಕುಟುಂಬದಲ್ಲಿಯೂ ಅದನ್ನು ಪಡೆದವರೆಲ್ಲರೂ ಪದಕ ಗೆದ್ದವರಲ್ಲ. ಅಭ್ಯಾಸಕ್ಕೆ ಮೈ ಒಗ್ಗುವ ಶಕ್ತಿಯೂ ಅಷ್ಟೆ. ಕೆನಡದ ಕ್ಲಾಡ್ ಬುಶಾರ್ ಮತ್ತು ಅವರ ಸಂಗಡಿಗರು ತೊಂಬತ್ತರ ದಶಕದಲ್ಲಿ ಅನೇಕ ಕುಟುಂಬಗಳಿಗೆ ಒಂದೇ ಬಗೆಯ ವ್ಯಾಯಾಮವನ್ನು ಇಪ್ಪತ್ತು ವಾರ ಮಾಡಿಸಿದಾಗ, ಕೆಲವರ ಸಾಮರ್ಥ್ಯ ಬಹಳ ಹೆಚ್ಚಿತು, ಕೆಲವರದು ಕದಲಲೇ ಇಲ್ಲ, ಮತ್ತು ಈ ಅಂತರದ ಸುಮಾರು ಅರ್ಧಭಾಗವು ಮನೆತನದ ಗುಣವಾಗಿ ಕಂಡಿತು. ಆ ಅಗಾಧವಾದ ಅಂತರವು ತೋರಿದುದು ಒಂದೇ ಜನಾಂಗದವರೊಳಗೆ ಎಂಬುದನ್ನು ಮರೆಯಬಾರದು.

ನಮ್ಮ ನಾಡಿನಲ್ಲಿಯೇ ಕೊಡಗನ್ನು ನೋಡಿ. ಎಂ. ಪಿ. ಗಣೇಶ್, ಬಿ. ಪಿ. ಗೋವಿಂದ, ಎಂ. ಎಂ. ಸೋಮಯ್ಯ ಮೊದಲಾದವರನ್ನು ಹಾಕಿಗೆ ಕೊಟ್ಟ ಆ ಚಿಕ್ಕ ಜಿಲ್ಲೆಯ ಬಗೆಗೆ, ಅದು ಕೊಡವರ ರಕ್ತದಲ್ಲಿಯೇ ಇದೆ ಎಂದು ಮೆಚ್ಚುಗೆಯಿಂದಲೇ ಹೇಳುವವರುಂಟು. ಆದರೆ ಸೇನೆಯ ಸಂಪರ್ಕ, ಶಾಲೆಯ ಮೈದಾನ, ಮನೆಯಲ್ಲಿ ಹಿರಿಯರು ಆಡುವುದನ್ನು ನೋಡಿ ಬೆಳೆಯುವ ಮಕ್ಕಳು, ಇವನ್ನು ಬಿಟ್ಟು ಆ ಪರಂಪರೆಯನ್ನು ವಿವರಿಸಲಾಗದು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವೆ ಆರಂಭಿಸಿದ ಹಾಕಿ ಉತ್ಸವವು ವರ್ಷೇವರ್ಷೇ ಬೇರೆ ಬೇರೆ ಮನೆತನಗಳ ಆತಿಥ್ಯದಲ್ಲಿ ಬೆಳೆದುದನ್ನು ಕಂಡವರಿಗೆ, ಒಂದು ಆಟವು ಒಕ್ಕದ, ಎಂದರೆ ಮನೆತನದ, ಮರ್ಯಾದೆಯೊಡನೆ ಹೇಗೆ ಬೆರೆಯುವುದೆಂಬುದು ತಿಳಿದೀತು.

2020ರ ಫೆಬ್ರುವರಿಯಲ್ಲಿ ದಕ್ಷಿಣ ಕನ್ನಡದ ಐಕಳದಲ್ಲಿ ನಡೆದ ಕಂಬಳವು ಇದೇ ಕಥೆಯ ಇತ್ತೀಚಿನ ಪುಟ. ಕೋಣಗಳನ್ನೋಡಿಸಿದ ಶ್ರೀನಿವಾಸ ಗೌಡರು 142.5 ಮೀಟರುಗಳ ಕೆಸರುಗದ್ದೆಯನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರೆಂಬ ವಾರ್ತೆ ಹರಡಿದೊಡನೆ, ಅದನ್ನು ನೂರು ಮೀಟರಿಗೆ ಲೆಕ್ಕಹಾಕಿ ಉಸೇನ್ ಬೋಲ್ಟರನ್ನು ಮೀರಿದವರೆಂದು ಸಾರಿದರು; ಕೇಂದ್ರದ ಕ್ರೀಡಾಸಚಿವರೂ ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಕರೆಸಿದರು. ಗೌಡರು ವಿನಯದಿಂದ ಒಲ್ಲೆನೆಂದರು; ಕಂಬಳವೇ ಬೇರೆ, ಹಾದಿಯ ಓಟವೇ ಬೇರೆಯೆಂಬುದು ಅವರ ಉತ್ತರದ ಸಾರ. ಶಾರೀರಕ ವಿಜ್ಞಾನವೂ ಹಾಗೆಯೇ ಹೇಳುತ್ತದೆ: ಅಲ್ಲಿ ಓಟಗಾರನ ಹೆಜ್ಜೆಗೆ ಕೋಣಗಳ ಎಳೆತವು ಕೂಡಿಕೊಳ್ಳುತ್ತದೆ, ನಿಂತ ನಿಲುವಿನಿಂದ ತನ್ನ ಬಲದಿಂದಲೇ ಚಿಮ್ಮಬೇಕಾದ ಆರಂಭವೂ ಅಲ್ಲಿಲ್ಲ. ತನ್ನ ವಿದ್ಯೆಯ ಮಿತಿಯನ್ನೂ ಹಿರಿಮೆಯನ್ನೂ ಇಷ್ಟು ಸ್ಪಷ್ಟವಾಗಿ ಬಲ್ಲವರು ಆ ಗದ್ದಲದಲ್ಲಿ ಅವರೊಬ್ಬರೇ ಎಂದು ನನ್ನ ಭಾವನೆ.

ಆರಂಭದಲ್ಲಿ ಹೇಳಿದ ಊರಿಗೆ ಮರಳುವುದಾದರೆ, ಘಾಜಿಯಾಬಾದಿನಿಂದ ಮೀರಠಕ್ಕೆ ಹೋಗುವ ಹಾದಿಯ ಇಕ್ಕೆಲಗಳಲ್ಲಿ ಕಬ್ಬಿನ ಗದ್ದೆಗಳು. ದೇಶವಿಭಜನೆಯ ಬಳಿಕ ಸಿಯಾಲ್‌ಕೋಟಿನಿಂದ ಬಂದ ಕುಶಲಕರ್ಮಿಗಳು ಮೀರಠದಲ್ಲಿ ನೆಲೆಸಿ ಕ್ರೀಡಾಸಾಮಗ್ರಿಯ ಉದ್ಯಮವನ್ನು ಬೆಳೆಸಿದರು. ಸೇನೆ ಮತ್ತು ಪೊಲೀಸು ಭರ್ತಿಗೆಂದು ನಸುಕಿನಲ್ಲಿ ಎದ್ದು ಓಡುವ ತರುಣರು ಇಲ್ಲಿನ ಹಳ್ಳಿಗಳಲ್ಲಿ ಬಹಳ. ಮೀರಠ ಜಿಲ್ಲೆಯ ಬಹಾದುರಪುರದ ಅನ್ನು ರಾಣಿ ಕಬ್ಬಿನ ಜಲ್ಲೆಯನ್ನೇ ಈಟಿಯಾಗಿ ಎಸೆದು ಕಲಿತರು. ಅದೇ ಜಿಲ್ಲೆಯ ಪಾರುಲ್ ಚೌಧರಿ ರೈತನ ಮಗಳು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡೆಗಳಲ್ಲಿ ಒಂದೇ ದಿನ ಒಬ್ಬರು ಈಟಿ ಎಸೆತದಲ್ಲಿ, ಇನ್ನೊಬ್ಬರು 5000 ಮೀಟರಿನಲ್ಲಿ ಚಿನ್ನವನ್ನು ಗೆದ್ದರು. ಒಬ್ಬರದು ಕ್ಷಣಾರ್ಧದ ಸ್ಫೋಟಶಕ್ತಿ, ಮತ್ತೊಬ್ಬರದು ಹದಿನೈದು ನಿಮಿಷಗಳ ಸಹನೆ. ಸ್ನಾಯುವಿನ ಎರಡು ವಿರುದ್ಧ ಗುಣಗಳು ಒಂದೇ ಜಿಲ್ಲೆಯ ಹೊಲಗಳಿಂದ ಎದ್ದುಬಂದುದನ್ನು ಯಾವ ಜನಾಂಗಸಿದ್ಧಾಂತವೂ ಮುಂಗಂಡಿರಲಿಲ್ಲ.

ಇನ್ನು ಸಿದ್ದಿಗಳಿಗೆ 2003ರಲ್ಲಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ಆ ಸಮುದಾಯದ ಮೊದಲಿಗರಾಗಿ ವಿಧಾನಪರಿಷತ್ತನ್ನು ಪ್ರವೇಶಿಸಿದರು. ಮುಂಡಗೋಡಿನಲ್ಲಿ ಕಳೆದ ಕೆಲವು ವರ್ಷಗಳಿಂದ ಬ್ರಿಡ್ಜಸ್ ಆಫ್ ಸ್ಪೋರ್ಟ್ಸ್ ಎಂಬ ಸಂಸ್ಥೆಯು ಸಿದ್ದಿ ಮಕ್ಕಳನ್ನೂ ಅವರ ನೆರೆಹೊರೆಯ ಇತರ ಸಮುದಾಯಗಳ ಮಕ್ಕಳನ್ನೂ ಒಟ್ಟಿಗೆ ಕೂಡಿಸಿ ಓಟವನ್ನು ಕಲಿಸುತ್ತಿದೆ. ಈ ಬಾರಿ ಮಕ್ಕಳನ್ನು ದೂರದ ನಗರಕ್ಕೆ ಒಯ್ಯದೆ ಶಿಕ್ಷಣವೇ ಅವರ ಊರಿನ ಬಳಿಗೆ ಬಂದಿರುವುದರಿಂದ, ಮನೆಯವರು ಸಂಜೆ ಅಂಗಳದ ಅಂಚಿಗೆ ಬಂದು ನಿಂತು ನೋಡಬಹುದು, ಗುರುಗಳೊಡನೆ ಊಟದ ವಿಷಯ, ಶಾಲೆಯ ವಿಷಯ, ಮುಂದಿನ ವರ್ಷದ ವಿಷಯ ಮಾತನಾಡಬಹುದು.